ಡಾಕ್ಟರಮ್ಮನ ಬಾಡಿಗೆ ಆತ್ಮಕಥೆ

ಹಲ್ಲಿನ ಡಾಕ್ಟರಮ್ಮ ಹೋದ ಬುಧವಾರ ಬೆಳಿಗ್ಗೆ ತೀರಿಕೊಂಡರು. ಹೃದಯ ನಿಂತಿತು. ಹಲ್ಲುಗಳೆಲ್ಲ ಗಟ್ಟಿಯಾಗಿಯೇ ಇದ್ದವು.

ಜೀವಮಾನವಿಡೀ ಅವರು ಎದುರಿನವರ ಬಾಯಲ್ಲಿ ಕೈಯಿಟ್ಟುಕೊಂಡೇ ಮಾತಾಡಿದವರು. ತಿರುಗಿ ಉತ್ತರ ಕೊಡಲಾಗದವರ ಮುಂದೆ ಮಾತಾಡುವ ರುಚಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ರಾಜಕೀಯ, ಅಡುಗೆ, ಗಂಡಸರ ದಡ್ಡತನ, ಎಲ್ಲವೂ ಆ ಕುರ್ಚಿಯ ದೀಪದ ಕೆಳಗೇ ಇತ್ಯರ್ಥವಾಗುತ್ತಿತ್ತು. ಅವರ ದನಿಯಿಲ್ಲದ ಆ ಕೋಣೆಯಲ್ಲಿ ಕೂರಲು ಗೆಳತಿಯರಿಗೆ ಇನ್ನೂ ಆಗುತ್ತಿಲ್ಲ.

ಕೊನೆಗಾಲದಲ್ಲಿ ಅವರಿಗೆ ಆತ್ಮಕಥೆಯ ಹುಚ್ಚು ಹಿಡಿದಿತ್ತು. ಬೇರೆಯವರ ಹೆಸರಿನಲ್ಲಿ ಪುಸ್ತಕ ಬರೆದುಕೊಡುವ ಒಬ್ಬನನ್ನು ಗೊತ್ತು ಮಾಡಿದರು. ಆದರೆ ಸೋಫಾದಲ್ಲಿ ಎದುರುಬದುರು ಕೂತರೆ ಮಾತೇ ಹೊರಡಲಿಲ್ಲ.

"ನೀವು ಹೀಗೆ ಮುಖ ನೋಡ್ತಾ ಕೂತ್ರೆ ಹೇಗ್ರೀ ಮಾತಾಡೋದು? ಬನ್ನಿ, ಒಳಗೆ ಮಲಗಿ."

"ನನ್ನ ಹಲ್ಲು ಚೆನ್ನಾಗಿದೆ ಮೇಡಂ."

"ಅದನ್ನ ನಾನು ಹೇಳ್ಬೇಕು."

ಅಲ್ಲಿಂದ ಪುಸ್ತಕ ಓಡತೊಡಗಿತು. ಬಾಲ್ಯ ಮುಗಿಯುವಷ್ಟರಲ್ಲಿ ಒಂದು ಹುಳುಕು ತುಂಬಿಯಾಗಿತ್ತು. ಕಾಲೇಜಿಗೆ ರೂಟ್ ಕೆನಾಲ್. ಮದುವೆ ಮುರಿದ ಅಧ್ಯಾಯ ದೊಡ್ಡದು, ಅದಕ್ಕೆ ದವಡೆ ಹಲ್ಲೇ ಹೋಯಿತು. ಬರಹಗಾರ ಎದೆಯ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಪ್ರಶ್ನೆ ಕೇಳಲು ಹೋದರೆ "ಆಂ... ಆಂ" ಎಂದಷ್ಟೇ ಬರುತ್ತಿತ್ತು. "ಹೌದಲ್ವಾ? ನಾನೂ ಅದೇ ಅಂದೆ," ಎಂದು ಡಾಕ್ಟರಮ್ಮ ಮುಂದಕ್ಕೆ ಹೋಗುತ್ತಿದ್ದರು.

ಕರಡು ಬಂತು. ಹಿಗ್ಗಿನಿಂದ ಅದನ್ನು ತಂಗಿಯ ಕೈಗಿಟ್ಟರು. ಕ್ಲಿನಿಕ್ ತೆರೆದ ದಿನದಿಂದ ಹೊರಗಿನ ಮೇಜಿನಲ್ಲಿ ಕೂತು ಫೋನ್ ಎತ್ತುತ್ತಿದ್ದವಳು, ಹೆದರಿ ಎದ್ದು ಹೊರಟವರನ್ನು ಪುಸಲಾಯಿಸಿ ಕೂರಿಸುತ್ತಿದ್ದವಳು ಅವಳೇ. ಓದಿ ಮುಗಿಸಿ ಹಾಳೆಗಳನ್ನು ವಾಪಸು ಕೊಟ್ಟಳು.

"ಚೆನ್ನಾಗಿದೆ ಅಕ್ಕಾ. ನಿನ್ನ ಹಳೇ ಸ್ಕೂಟರಿಗೂ ಒಂದು ಪುಟ ಕೊಟ್ಟಿದೀಯ."

"ಮತ್ತೆ ಮುಖ ಯಾಕೆ ಹಾಗಿದೆ?"

"ನಾನೆಲ್ಲೂ ಸಿಗಲಿಲ್ಲ."

ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ. ಡಾಕ್ಟರಮ್ಮ ಬರಹಗಾರನ ಮೇಲೆ ಹರಿಹಾಯ್ದರು.

"ನನ್ನ ಒಡಹುಟ್ಟಿದವಳನ್ನೇ ಬಿಟ್ಟಿದೀರಲ್ರೀ! ಒಂದು ಮಾತು ಕೇಳಬಾರದಿತ್ತಾ?"

"ಕೇಳ್ದೆ ಮೇಡಂ. ಕೇಳಿದಾಗೆಲ್ಲ ನನ್ನ ಬಾಯಲ್ಲಿ ನಿಮ್ಮ ಕೈ ಇತ್ತು."

"ಸರಿ, ಈಗ ಸೇರಿಸೋಣ. ಮಲಗಿ."

ಪಾಪ, ಮಲಗಿದ. ಡಾಕ್ಟರಮ್ಮ ಪುಟ್ಟ ಕನ್ನಡಿಯನ್ನು ಅವನ ಬಾಯೊಳಗಿಟ್ಟು, "ನನ್ನ ತಂಗಿ ತುಂಬ ಒಳ್ಳೆಯವಳು," ಎಂದರು. ಕನ್ನಡಿಯನ್ನು ಆ ಹಲ್ಲಿನಿಂದ ಈ ಹಲ್ಲಿಗೆ ಸರಿಸಿದರು, ಆಮೇಲೆ ಹೊರಗೇ ತೆಗೆದರು. ಅವಳಿಗೇನು ಇಷ್ಟ, ಮದುವೆ ಯಾಕೆ ಬೇಡವೆಂದಳು, ಇಷ್ಟು ವರ್ಷ ಆ ಮೇಜಿನ ಹಿಂದೆ ಏನು ಯೋಚಿಸಿದಳು, ಒಂದೂ ಗೊತ್ತಿರಲಿಲ್ಲ. ಊರವರ ದವಡೆಯೆಲ್ಲ ಬಾಯಿಪಾಠವಿದ್ದ ಹೆಂಗಸು!

ತೀರಿಕೊಳ್ಳುವ ಹಿಂದಿನ ದಿನ, ಮಂಗಳವಾರ ಬೆಳಿಗ್ಗೆ, ತಂಗಿಯ ಮನೆಯ ಬಾಗಿಲು ಬಡಿದರು.

"ಬಾರೇ. ಕೆಲಸಕ್ಕಲ್ಲ, ಮಾತಾಡೋಕೆ."

"ನಿನ್ನ ಎದುರಿಗಾ? ನನ್ನ ಬಾಯಿಗೂ ಹತ್ತಿ ತುರುಕ್ತೀಯ."

"ಬೇಕಾದ್ರೆ ನನ್ನ ಬಾಯಿಗೆ ತುರುಕು ಕಣೇ."

ತಂಗಿ ನಿಜಕ್ಕೂ ತುರುಕಿದಳು. ಮಧ್ಯಾಹ್ನ ಡಾಕ್ಟರಮ್ಮ ರೋಗಿಯ ಕುರ್ಚಿಯಲ್ಲಿ ಎರಡೂ ಕೆನ್ನೆ ಉಬ್ಬಿಸಿಕೊಂಡು ಮಲಗಿದ್ದರು. ತಂಗಿ ಪಕ್ಕದ ಸ್ಟೂಲಿನಲ್ಲಿ. ಬರಹಗಾರ ಮೊದಲ ಸಲ ನೆಟ್ಟಗೆ ಕೂತು ಪ್ರಶ್ನೆ ಕೇಳಿದ. ಅವಳು ಮೆಲ್ಲಗೆ ಶುರುಮಾಡಿ ಮೇಷ್ಟ್ರೊಬ್ಬರ ವಿಷಯಕ್ಕೆ ಬಂದಳು. ಹಲ್ಲುನೋವೆಂದು ಪದೇಪದೇ ಬರುತ್ತಿದ್ದ ಆ ಮನುಷ್ಯನಿಗೆ ಯಾವ ನೋವೂ ಇರಲಿಲ್ಲ. ಬರುತ್ತಿದ್ದದ್ದು ಅವಳನ್ನು ನೋಡಲು.

"ಇವಳು ಅವರ ಒಳ್ಳೇ ಹಲ್ಲನ್ನ ಕಿತ್ತು ಕಳಿಸಿದ್ಲು. ಆಮೇಲೆ ಅವರು ಈ ಕಡೆ ತಲೆ ಹಾಕಲಿಲ್ಲ."

"ಆಂ!" ಎಂದರು ಡಾಕ್ಟರಮ್ಮ.

"ನೀನು ಸುಮ್ನಿರು."

ಅಷ್ಟರಲ್ಲಿ ಹೊರಗೆ ಮೇಜಿನ ಫೋನ್ ಬಡಿದುಕೊಂಡಿತು. ತಂಗಿ ಅಭ್ಯಾಸಬಲದಿಂದ ಎದ್ದಳು. ಡಾಕ್ಟರಮ್ಮ ಅವಳ ತೋಳು ಹಿಡಿದು ಕೂರಿಸಿದರು. ತಾವೇ ಕುರ್ಚಿಯಿಂದಿಳಿದು, ಹತ್ತಿ ತುಂಬಿದ ಕೆನ್ನೆಯಲ್ಲೇ ಹೊರಗೆ ಹೋಗಿ, ಫೋನಿನ ವೈರನ್ನು ಗೋಡೆಯಿಂದ ಕಿತ್ತರು. ಒಳಗೆ ಬಂದು ಮತ್ತೆ ಮಲಗಿ, ತಂಗಿಯ ಕಡೆಗೆ ಮುಖ ತಿರುಗಿಸಿದರು.