ಸರ್ವೆ ಕಲ್ಲಿನ ಬುಡದ ಡಬ್ಬಿ

ಆಗ ನನಗೆ ಐವತ್ತೆಂಟು. ಇದಾಗಿ ಹದಿನೇಳು ವರ್ಷವಾಯಿತು. ರಿಚರ್ಡ್ಸ್ ಟೌನಿನ ಒಂದು ಮನೆಯಲ್ಲಿ ಅಡುಗೆಗಿದ್ದೆ. ಯಜಮಾನರು ತೀರಿಕೊಂಡು ಮೂರು ತಿಂಗಳಾಗಿತ್ತು. ಅಮ್ಮಾವ್ರು ಒಬ್ಬರೇ.

ಯಜಮಾನರಿಗೆ ಒಂದು ಹುಚ್ಚಾಟವಿತ್ತು; ಅದೇನೆಂದು ಅಮ್ಮಾವ್ರು ನನಗೆ ಬಿಡಿಸಿ ಹೇಳಿದ್ದು ಅವತ್ತು ಹೊರಡುವಾಗಲೇ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಗುರುತನ್ನು ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಇವರು ಅಂಗೈಯಗಲದ ಜಿಪಿಎಸ್ ಯಂತ್ರ ಹಿಡಿದು ಹುಡುಕಿ, ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ನೆನಪಿಗೊಂದು ಚಿಕ್ಕ ಆಟಿಕೆ ಹಾಕಿ, ಅಲ್ಲೇ ಇಟ್ಟು ಬರುತ್ತಾರೆ. ಅಷ್ಟೇ, ಮತ್ತೇನೂ ಲಾಭವಿಲ್ಲ. ಕೊನೆಯ ಸಲ, ಸಂಕ್ರಾಂತಿ ಕಳೆದ ಮೇಲೆ, ಕೆ.ಆರ್. ಪುರದಾಚೆಯ ಕಾಡಿನಲ್ಲಿದ್ದ ಸರ್ವೆ ಕಲ್ಲಿಗೆ ಹೋಗಿದ್ದರು. ಬಂದು, "ನಿನಗೂ ಎರಡು ಸಾಲು ಬರ್ದಿದ್ದೀನಿ, ಹೋಗಿ ಓದ್ಕೋ" ಅಂದಿದ್ದರಂತೆ. ಅಮ್ಮಾವ್ರು ಹೋಗಿರಲಿಲ್ಲ. ಈಗ ಆ ಎರಡು ಸಾಲು ಬೇಕಾಗಿತ್ತು.

ಆ ಕಾಡು ನನ್ನ ತವರೂರಿನ ಪಕ್ಕದ್ದು.

"ನಮ್ಮೂರಲ್ಲಿ ಸರ್ವೆ ಕಲ್ಲಾ? ನಾನಂತೂ ನೋಡಿಲ್ಲ," ಎಂದೆ.

"ನೀನು ಅಡುಗೆಮನೆ ಬಿಟ್ಟು ಏನು ನೋಡಿದ್ದೀಯ? ನಡಿ," ಎಂದರು.

ಬಸ್ಸಿಳಿದು, ನೀಲಗಿರಿ ತೋಪು ದಾಟಿ, ಲಂಟಾನ ಪೊದೆಯಲ್ಲಿ ಸೀರೆ ಹರಿದುಕೊಂಡು ದಿಣ್ಣೆ ಹತ್ತಿದೆವು. ಯಂತ್ರ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ನಮ್ಮೂರ ದೇವರು ಕಲ್ಲಮ್ಮನ ಮುಂದೆ. ನಮ್ಮೂರಿನಲ್ಲಿ ಹಸು ಕರು ಹಾಕಿದರೆ ಗಿಣ್ಣನ್ನು ಮೊದಲು ಅವಳಿಗಿಟ್ಟೇ ನಾವು ಬಾಯಿಗಿಡುವುದು. ಅಮ್ಮಾವ್ರು ಕಲ್ಲಿಗೆ ಮೆತ್ತಿದ್ದ ಅರಿಶಿನ ಕುಂಕುಮ ಉಜ್ಜಿ ತೆಗೆದರು. ಕೆಳಗೆ ಉಳಿಯಲ್ಲಿ ಕೊರೆದ ಕೂಡಿಸುವ ಗುರುತು ಕಾಣಿಸಿತು. ಅಳೆಯಲು ಬಂದವರು ನೆಟ್ಟ ಕಲ್ಲು. ನನ್ನಜ್ಜಿಯ ಕಾಲದಿಂದ ಕೈ ಮುಗಿದಿದ್ದೆವು.

"ಇಲ್ಲೇ ಇರ್ಬೇಕು ಕಣೇ, ಯಂತ್ರ ಇಲ್ಲೇ ಅಂತಿದೆ," ಎಂದು ಅವರು ಮಂಡಿಯೂರಿ ಎಲೆ ಸರಿಸಿ ಹುಡುಕತೊಡಗಿದರು.

ನನಗೆ ಆಗಲೇ ಗೊತ್ತಾಗಿತ್ತು. ಯುಗಾದಿಗೆ ತವರಿಗೆ ಹೋಗಿದ್ದಾಗ, ಕಲ್ಲಮ್ಮನ ಬುಡದಲ್ಲಿ ಸಿಕ್ಕಿತೆಂದು ತಮ್ಮನ ಹೆಂಡತಿ ಒಂದು ಪ್ಲಾಸ್ಟಿಕ್ ಡಬ್ಬಿ ತೋರಿಸಿದ್ದಳು. ಒಳಗೆ ಬೆರಳುದ್ದದ ಗೊಂಬೆ, ಮಣಿ, ಪಿನ್ನು, ಪುಸ್ತಕದ ತುಂಬ ಯಾರ್‍ಯಾರದೋ ಹೆಸರು. ಗೊಂಬೆಯ ಜೊತೆಗೆ ಹೆಸರು ಬರೆದಿಟ್ಟರೆ ಅದು ಮಾಟವಲ್ಲದೆ ಇನ್ನೇನು? ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಪೇಟೆ ಕಂಡವಳು ನಾನೇ ಇಕ್ಕಳದಲ್ಲಿ ಹಿಡಿದು ಒಯ್ದು, ಕಾಡಂಚಿನ ಹೊಂಗೆ ಮರದ ಕೆಳಗೆ ಉಪ್ಪು ಸುರಿದು ಹೂತಿದ್ದೆ.

ನಾನು ಯಾರ ಮುಖ ನೋಡಿಯೂ ಮಾತು ನುಂಗಿದವಳಲ್ಲ. ಅಂದು ನುಂಗಿದೆ. ಅವರು ಒಂದು ಗಂಟೆ ಹುಡುಕಿ, ಎದ್ದು, ಸೀರೆಯ ಮಣ್ಣು ಕೊಡವಿ ನಡೆದರು. ವಾಪಸು ಬಸ್ಸಿನಲ್ಲಿ ಕೂತ ಮೇಲೆ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ನಿಂತಾಗ ಅವರು ನನ್ನ ಕಡೆ ತಿರುಗಿದರು.

"ಎಲ್ಲಾರೂ ಮಾಟ ಅಂದ್ಕೊಂಡ್ರಾ?"

"ಹೂಂ ಅಮ್ಮ."

"ನಮ್ಮನೆಯವರ ಅಕ್ಷರ ನೋಡಿದ್ರೆ ನಂಗೂ ಹಂಗೇ ಅನ್ಸೋದು ಬಿಡು." ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. "ಮಳೆ ಬೇರೆ ಬಿತ್ತಲ್ಲ. ಡಬ್ಬಿಯೊಳಗೆ ನೀರು ಹೋಗಿದ್ರೆ?"

"ತೆಗೆದ್ರೆ ತಾನೇ ಗೊತ್ತಾಗೋದು?"

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ತವರಿಗೆ ಹೋದೆ. "ಹೂತಿದ್ದನ್ನ ತೆಗೀಬಾರ್ದು ಅಕ್ಕಾ, ನಿಮಗೇ ಸುತ್ಕೊಳ್ಳುತ್ತೆ," ಎಂದು ತಮ್ಮನ ಹೆಂಡತಿ ಮಾರು ದೂರ ನಿಂತಳು.

"ಸುತ್ಕೊಳ್ಳಲಿ. ಗುದ್ದಲಿ ಎಸಿ ಇತ್ಲಾಗೆ."

ಎರಡು ಕಡೆ ಅಗೆದರೆ ಬರೀ ಬೇರು. ಮೂರನೆಯ ಕಡೆ ಡಬ್ಬಿ ಸಿಕ್ಕಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಮಣಿಯ ಸದ್ದು ಬಂತು, ನೀರಿನದು ಬರಲಿಲ್ಲ. ಮುಚ್ಚಳ ತೆಗೆಯಲಿಲ್ಲ, ಆ ಸಾಲು ನನಗೆ ಬರೆದದ್ದಲ್ಲ. ಮಣ್ಣನ್ನು ಸೆರಗಿನಲ್ಲಿ ಒರೆಸಿ, ತಂದು ಅಮ್ಮಾವ್ರ ಕೈಗೆ ಕೊಟ್ಟು, ಒಳಗೆ ಹೋಗಿ ಅಕ್ಕಿ ತೊಳೆದೆ.