ಕಾಲು ಉಳುಕಿದವನಿಗೆ ಬಿಸ್ಕಿಟ್

ಅಥಣಿಯ ಚಪ್ಪಲಿ ಅಂಗಡಿಯೊಂದಕ್ಕೆ ಹೊಲಿಗೆ ಯಂತ್ರ ರಿಪೇರಿಗೆ ಹೋದಾಗ ಕರೆಂಟ್ ಹೋಯಿತು. ಮಾಲೀಕ ಮಾರುತಿಯವರು ದಾಳ ಉರುಳಿಸಿ ಆಡುವ ಬೇಸ್‌ಬಾಲ್ ಆಟ ತೆಗೆದರು. ತಂಡದ ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಕಾರ್ಡು, ಅವನು ಎಷ್ಟು ಬೇಗ ಗಾಯಗೊಳ್ಳುತ್ತಾನೆ ಅನ್ನುವುದೂ ಅದರಲ್ಲೇ ಇರುತ್ತದೆ.

ಇನ್ನೇನು ಗೆದ್ದೆ ಅನ್ನುವಾಗ ದಾಳ ಬಿದ್ದ ಲೆಕ್ಕಕ್ಕೆ ನನ್ನ ಒಳ್ಳೆಯ ಆಟಗಾರನ ಕಾಲು ಉಳುಕಿತು. ಬದಲಿ ಕಾರ್ಡು ಇಡಹೋದೆ.

"ತಡೀರಿ! ಮೊದಲ ಅವನ್ನ ಮಾತಾಡಸಬೇಕಲ್ರಿ," ಎಂದರು ಮಾರುತಿ.

"ಕಾರ್ಡಿಗೆ ಏನ್ ಮಾತಾಡಸೂದ್ರಿ?"

"ಆರಾಮಿಲ್ಲದವರ ಕಡೆ ಬರಿಗೈಲೆ ಹೋಗಬಾರದ್ರಿ," ಎಂದು ಅವರೇ ಬಿಸ್ಕಿಟ್ ಪುಡಾ, ಚಹಾ ತರಿಸಿದರು. ಎದುರಾಳಿಯೇ ತರಿಸಬೇಕೆಂಬುದು ಅವರ ನಿಯಮ. ಕಾರ್ಡಿನ ಮುಂದೆ ಬಿಸ್ಕಿಟ್ ಇಟ್ಟು, "ಈಗ ಹೆಂಗೈತೋ ತಮ್ಮಾ?" ಎಂದು ವಿಚಾರಿಸಿ, ನಾವಿಬ್ಬರೂ ತಿಂದೆವು.

ಆಟ ಸೋತೆ. ಮುಂದಿನ ಸಲ ಹೋದಾಗ ಗಟ್ಟಿಗರನ್ನೆಲ್ಲ ಬಿಟ್ಟು, ಬೇಗ ಉಳುಕುವವರನ್ನೇ ಆರಿಸಿ ತಂಡ ಕಟ್ಟಿದೆ.