ನಾರ್ಮಲ್ ಎಂದು ಬರೆದುಕೊಟ್ಟ ಚೀಟಿ

ಪಂಪಣ್ಣನಿಗೆ ಲಾರಿಯ ನೆತ್ತಿಯ ಮೇಲೆ ನಿಂತು ಕೂಗಿ ಕೂಗಿ ಅಭ್ಯಾಸ. ನೆಲಕ್ಕಿಳಿದರೂ ದನಿ ಇಳಿಯುತ್ತಿರಲಿಲ್ಲ. ಅವನ ಕೆಲಸ ತಾಡಪತ್ರಿ ಕಟ್ಟುವುದು. ಅದಿರು ತುಂಬಿದ ಲಾರಿ ಯಾರ್ಡ್ ಬಿಡುವ ಮುಂಚೆ ಮೇಲೆ ಹತ್ತಿ, ತಾಡಪತ್ರಿ ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು ಇಳಿಯಬೇಕು. 2006ರಲ್ಲಿ ಸಂಡೂರಿನ ಗುಡ್ಡದಿಂದ ಬರುವ ಲಾರಿಗಳಿಗೆ ಕೊನೆಯೇ ಇರಲಿಲ್ಲ. ಅವನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಹತ್ತುವುದೆಂದರೆ ಅವನಿಗೆ ಅಷ್ಟು ಖುಷಿ.

ನಾನು ಸುಕನ್ಯಾ. ಹೊಸಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಪಂಪಣ್ಣನೂ ನಾನೂ ಒಂದೇ ಊರಿನವರು, ಮಲಪನಗುಡಿಯವರು. ಬೆಳಗಿನ ಬಸ್ಸಿನಲ್ಲಿ ನನ್ನನ್ನು ಕಂಡರೆ ಸಾಕು, ಬಸ್ಸಿಗೆಲ್ಲ ಕೇಳುವಂತೆ ಶುರು ಮಾಡುತ್ತಿದ್ದ.

"ಏನ್ ತಂಗೆವ್ವ, ಇವತ್ತು ಎಷ್ಟು ಮಂದಿ ರಕ್ತ ಕುಡೀತಿ?"

"ನಿಂದೊಂದು ಬಾಕಿ ಐತಿ, ಬಾ" ಎನ್ನುತ್ತಿದ್ದೆ. ಥೂ, ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಯಾರ್ಡಿನಲ್ಲಿ ಅವನಿಗೆ ಇನ್ನೊಂದು ಹೆಸರಿತ್ತು, ಡಾಕ್ಟರ್ ಪಂಪಣ್ಣ. ಯಾರದೇ ಕೈ ಕೊಯ್ದರೂ ಕಾಲು ತರಚಿದರೂ ಅವನ ಹತ್ತಿರ ಓಡುತ್ತಿದ್ದರು. ನೆಲದ ಮೇಲಿನ ಅದಿರಿನ ನುಣ್ಣನೆಯ ಕೆಂಪು ಪುಡಿಯನ್ನು ಚಿಟಿಕೆ ತೆಗೆದು ಗಾಯಕ್ಕೆ ಒತ್ತಿ, ಮೇಲೊಂದು ಬಟ್ಟೆ ಸುತ್ತುತ್ತಿದ್ದ. ರಕ್ತ ನಿಲ್ಲುತ್ತಿತ್ತು. ಅವನ ಕೈಗುಣ ಭಾಳ ಚಲೋ ಅಂತ ಯಾರ್ಡೆಲ್ಲ ಮಾತು. ನಾನು ಬಸ್ಸಿನಲ್ಲೇ ಜಗಳಕ್ಕೆ ನಿಂತಿದ್ದೇನೆ.

"ಗಾಯಕ್ಕ ಮಣ್ಣು ಮೆತ್ತತಿಯಲ್ಲ ಅಣ್ಣಾ, ಬುದ್ಧಿ ಐತೇನು ನಿನಗ?"

"ರಕ್ತದಾಗ ಕಬ್ಬಿಣ ಇರತೈತಿ ಅಂತ ನೀನಾ ಹೇಳಿದ್ದಿ. ಕಬ್ಬಿಣಕ್ಕ ಕಬ್ಬಿಣ ಕೊಟ್ರ ತಪ್ಪೇನು?"

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕುಬಿಟ್ಟೆ.

ಒಂದು ಸೋಮವಾರ ಮಧ್ಯಾಹ್ನ ಹಗ್ಗ ಹರಿದು ಪಂಪಣ್ಣ ಲಾರಿಯ ಮೇಲಿಂದ ಬಿದ್ದ. ಬಲಗಾಲಿನ ಮೂಳೆ ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತು. ಜೊತೆಗಾರರು ಗಾಬರಿಯಲ್ಲಿ ಮಾಡಿದ್ದೇನು? ಅವನೇ ಕಲಿಸಿದ್ದನ್ನು. ಗಾಯ ದೊಡ್ಡದು, ಔಷಧಿಯೂ ದೊಡ್ಡದಿರಲಿ ಎಂದು ಚಿಟಿಕೆಯ ಬದಲು ಬೊಗಸೆ ತುಂಬ ಕೆಂಪು ಪುಡಿ ತುಂಬಿ, ಟವೆಲ್ ಬಿಗಿದು, ಜೀಪಿಗೆ ಹಾಕಿದರು. ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡ ಜೀಪು ನಮ್ಮಲ್ಲಿಗೆ ಮುಟ್ಟುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ನಮ್ಮ ಸರ್ಜನ್ ಡಾಕ್ಟರ್ ವೀರೇಶ್ ಥಿಯೇಟರಿನಲ್ಲಿ ಆ ಗಾಯ ತೊಳೆದರು, ಮತ್ತೆ ತೊಳೆದರು. ಕೆಂಪು ನೀರು ಬರುತ್ತಲೇ ಇತ್ತಂತೆ.

ಬುಧವಾರ ಜ್ವರ ನೆತ್ತಿಗೇರಿತು. ಕಾಲು ಬಾತು ಮೊಣಕಾಲಿನತ್ತ ಕಪ್ಪಾಗತೊಡಗಿತು. ರಕ್ತದ ಬಿಳಿಕಣ ಎಣಿಸಿದೆ, ಇಪ್ಪತ್ತಾರು ಸಾವಿರ. ಗಟ್ಟಿಮುಟ್ಟಾದ ಮನುಷ್ಯನಿಗೆ ಹನ್ನೊಂದು ಸಾವಿರ ದಾಟಬಾರದು.

ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. "ಸೋಂಕು ರಕ್ತಕ್ಕೆ ಸೇರಿದೆ. ಔಷಧಿ ಹಾಕಿದ್ದೀನಿ. ನಾಳೆ ಬೆಳಿಗ್ಗೆಯೊಳಗೆ ತಿರುಗದಿದ್ದರೆ ಕಾಲು ತೆಗೀಬೇಕು, ಮೊಣಕಾಲಿನ ಮೇಲಕ್ಕೆ. ಇಲ್ಲಾಂದ್ರೆ ಜೀವ ಉಳಿಯಲ್ಲ."

"ಕಾಲಿಲ್ದ ಲಾರಿ ಹತ್ತಾಕ ಬರತೈತೇನ್ರಿ ಸಾಹೇಬ್ರ?" ಎಂದ ಪಂಪಣ್ಣ, ಗೋಡೆಯ ಕಡೆ ಮುಖ ತಿರುಗಿಸಿದ.

ಅವನ ಹೆಂಡತಿ ತಾಯಕ್ಕ ನನ್ನ ಹಿಂದೆಯೇ ಲ್ಯಾಬಿನ ಬಾಗಿಲಿಗೆ ಬಂದಳು. ಬಿಳಿಕಣ ಅಂದರೇನು ಎಂದು ಕೇಳಿದಳು. ಮೈಯೊಳಗೆ ಹೊಕ್ಕ ಕ್ರಿಮಿಯನ್ನು ಹಿಡಿದು ತಿನ್ನುವ ಕಣ, ರೋಗ ಹೆಚ್ಚಾದರೆ ಅವೂ ಹೆಚ್ಚುತ್ತವೆ, ರೋಗ ಇಳಿದರೆ ಅವೂ ಇಳಿಯುತ್ತವೆ ಎಂದೆ. ಹನ್ನೊಂದರ ಒಳಗೆ ಬಂದರೆ ಗೆದ್ದ ಹಾಗೆ ಎಂದೂ ಸೇರಿಸಿದೆ. ಅವಳು ಆ ರಾತ್ರಿಯೆಲ್ಲ ಹನ್ನೊಂದು ಹನ್ನೊಂದು ಎಂದು ಹಂಪಿಯ ವಿರೂಪಾಕ್ಷನಿಗೆ ಕೈ ಮುಗಿಯುತ್ತ ಕೂತಿದ್ದಳಂತೆ.

ಗುರುವಾರ ಬೆಳಿಗ್ಗೆ ಎಣಿಸಿದರೆ ಆರು ಸಾವಿರದ ಎಂಟುನೂರು! ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಎಣಿಸಿದೆ. ಅಷ್ಟೇ.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಎಣಿಸುವುದು ಅರ್ಧ ಕೆಲಸ ಮಾತ್ರ. ಗಾಜಿನ ಸ್ಲೈಡಿನ ಮೇಲೆ ರಕ್ತದ ಹನಿ ಸವರಿ, ಒಣಗಿಸಿ, ಬಣ್ಣ ಹಾಕಿ, ಇರುವ ಕಣಗಳು ಎಂಥವು ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಬಾಯಿ ಬಿಡಬೇಕು. ಗಾಜು ಇನ್ನೂ ಒಣಗುತ್ತಿತ್ತು. ಕಾಯಬೇಕಿತ್ತು. ಕಾಯಲಿಲ್ಲ ನಾನು. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ, ಒಂದು ಚೀಟಿಯಲ್ಲಿ ಸಂಖ್ಯೆ ಬರೆದು, ತಾಯಕ್ಕನಿಗೆ ಓದಲು ಬರಲೆಂದು ಕೆಳಗೆ ದೊಡ್ಡದಾಗಿ "ನಾರ್ಮಲ್" ಎಂದು ಕನ್ನಡದಲ್ಲಿ ಬರೆದು ವಾರ್ಡಿಗೆ ಓಡಿದೆ.

"ಇಳದೈತಿ ಅಕ್ಕಾ! ಆರು ಸಾವಿರ ಆಗೈತಿ!"

ಜ್ವರವೂ ಬಿಟ್ಟಿತ್ತು. ತಾಯಕ್ಕ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಪಂಪಣ್ಣ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗಿಟ್ಟ. ಒಂಬತ್ತಕ್ಕೆ ಡಾಕ್ಟರು ಕಾಲು ತೆಗೆಯುವ ಒಪ್ಪಿಗೆ ಪತ್ರ ಹಿಡಿದು ಬಂದಾಗ ಸಹಿ ಹಾಕುವುದಿಲ್ಲ ಎಂದ. ಡಾಕ್ಟರು ಅವನ ಅಂಗಾಲು ಮುಟ್ಟಿದರು, ನಾಡಿ ಹಿಡಿದರು. ಅವರ ಮುಖ ಬದಲಾಯಿತು.

"ಮೈ ತಣ್ಣಗಾಗ್ತಿದೆ, ನಾಡಿ ಓಡ್ತಿದೆ. ಇದು ಗುಣವಾಗೋ ಲಕ್ಷಣ ಅಲ್ಲ. ಸ್ಲೈಡ್ ನೋಡಿದ್ಯಾ ಸುಕನ್ಯಾ?"

ಓಡಿ ಹೋಗಿ ನೋಡಿದೆ. ಬಲಿತ ಕಣಗಳು ಹುಡುಕಿದರೂ ನಾಲ್ಕಾರು. ಉಳಿದವೆಲ್ಲ ಮೂಳೆಯ ಮಜ್ಜೆಯಿಂದ ಬಲಿಯುವ ಮುಂಚೆಯೇ ಹೊರಬಿದ್ದ ಎಳೆ ಕಣಗಳು, ಒಳಗೆಲ್ಲ ಕಪ್ಪು ಚುಕ್ಕಿ, ತೂತು ತೂತು. ಡಾಕ್ಟರನ್ನು ಲ್ಯಾಬಿಗೆ ಕರೆದು ತೋರಿಸಿದೆ.

"ಇಳಿದದ್ದು ರೋಗ ಅಲ್ಲಮ್ಮ, ಕಣ ಮುಗಿದಿವೆ" ಎಂದರು ಡಾಕ್ಟರ್. "ಬಲಿತವೆಲ್ಲ ಹೋರಾಡಿ ಸತ್ತವು. ಈಗ ಬರ್ತಿರೋವಕ್ಕೆ ಕ್ರಿಮಿ ಹಿಡಿಯೋ ಕಸುವಿಲ್ಲ. ಆ ಕಾಲು ಇರೋತನಕ ವಿಷ ಏರ್ತಾನೇ ಇರುತ್ತೆ. ಹೋಗಿ ಹೇಳು, ನಿನ್ನ ಮಾತು ಕೇಳ್ತಾನೆ."

ನನ್ನ ಮಾತು! ಹೋಗಿ ಅವನ ಮಂಚದ ಪಕ್ಕ ಮೊಣಕಾಲೂರಿ ಕೂತೆ. ತಪ್ಪಾಯಿತು ಅಣ್ಣಾ, ನೋಡದೆ ಹೇಳಿದೆ, ಸಹಿ ಹಾಕು ಎಂದೆ. ಅವನು ಜೇಬಿನಿಂದ ಚೀಟಿ ತೆಗೆದು ನನಗೇ ತೋರಿಸಿದ.

"ನಿನ್ನ ಅಕ್ಷರಾನಾ ಅಲ್ಲೇನಿದು?"

"ನಂದಾ. ತಪ್ಪು ಬರದೀನಿ."

"ಡಾಕ್ಟ್ರು ಹೇಳಿಕೊಟ್ಟು ಕಳಿಸ್ಯಾರ ನಿನ್ನ. ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ" ಎಂದು ನಕ್ಕ. "ಹೋಗ್ ತಂಗೆವ್ವ. ಸೋಮವಾರದ ಬಸ್ಸಿನ್ಯಾಗ ಸಿಗ್ತೀನಿ."

ಕಾಲು ಹಿಡಿದೆ. ಬೈದೆ. ಅತ್ತೆ. ತಾಯಕ್ಕನಿಗೆ ಕೈ ಮುಗಿದೆ. ಅವಳು ಗಂಡನ ಮುಖ ನೋಡಿದಳು, ಚೀಟಿ ನೋಡಿದಳು, ನನ್ನ ಮುಖ ನೋಡಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಎರಡು ಗಂಟೆಗೆ ಪಂಪಣ್ಣನಿಗೆ ಎಚ್ಚರ ತಪ್ಪತೊಡಗಿತು. ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಗಂಟು ಹಾಕುತ್ತ, "ಹಗ್ಗ ಬಿಗಿ ಹಿಡೀರಲೇ" ಎಂದು ಕೂಗಿದ. ಆಗ ತಾಯಕ್ಕ ಸಹಿ ಹಾಕಿದಳು. ಥಿಯೇಟರಿನ ಬಾಗಿಲವರೆಗೆ ಹೋದ ಸ್ಟ್ರೆಚರ್ ಅಲ್ಲಿಯೇ ನಿಂತಿತು. ಬಿಪಿ ಕುಸಿದಿತ್ತು, ಎತ್ತಲು ಏನು ಮಾಡಿದರೂ ಏಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪಂಪಣ್ಣ ಹೋದ. ಎರಡೂ ಕಾಲು ಇದ್ದವು.

ತಿಂಗಳು ಕಳೆದ ಮೇಲೆ ತಾಯಕ್ಕ ಲ್ಯಾಬಿಗೆ ಬಂದಳು. ಅದೇ ಯಾರ್ಡಿನಲ್ಲಿ ಅದಿರು ಗುಡಿಸುವ ಕೆಲಸಕ್ಕೆ ಸೇರಿದ್ದಳು, ಸೀರೆಯ ಅಂಚು ಕೆಂಪಾಗಿತ್ತು. ಸೆರಗಿನ ಗಂಟು ಬಿಚ್ಚಿ ಆ ಚೀಟಿಯನ್ನು ನನ್ನ ಮುಂದೆ ಇಟ್ಟಳು.

"ಇದ್ರಾಗ ಎಲ್ಲಾ ಚಲೋ ಐತೆಲ್ಲ ತಂಗಿ. ಮತ್ಯಾಕ ಹೋದ?"

ಹೇಳಿದೆ. ಗಾಜು ಒಣಗುವವರೆಗೆ ಕಾಯದೆ ಓಡಿ ಬಂದದ್ದು, ಎಲ್ಲವನ್ನೂ. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಚೀಟಿ ಮಡಚಿ ಮತ್ತೆ ಸೆರಗಿಗೆ ಕಟ್ಟಿಕೊಂಡಳು.

"ಇರ್ಲಿ. ಅವತ್ತು ಮಧ್ಯಾಹ್ನದ ತನಕ ನಕ್ಕೊಂತ ಇದ್ದ."

ಗಂಟು ಬಿಗಿಯುವಾಗ ಅವಳ ಹೆಬ್ಬೆರಳು ಕಂಡಿತು. ಉಗುರಿನ ಪಕ್ಕ ಸೀಳಿತ್ತು, ಸೀಳಿನ ತುಂಬ ಕೆಂಪು ಪುಡಿ.

"ಏನಿದು?" ಚೀರಿದೆ.

"ತಗಡು ಬಡೀತು. ಅವನಿದ್ದಾಗ ಅವನಾ ಹಚ್ಚತಿದ್ದ. ಈಗ ನಾನಾ ಹಚ್ಚಿಕೊಂಡೆ."

ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಒಡ್ಡಿದೆ. ಉರೀತೈತಿ, ಬಿಡು ಎಂದು ಕೊಸರಾಡಿದಳು. ಬಿಡಲಿಲ್ಲ. ಸೋಪು ಹಚ್ಚಿ ತಿಕ್ಕಿದೆ, ಬೈಯುತ್ತ ತಿಕ್ಕಿದೆ. ತೊಟ್ಟಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ನೀರು ತಿಳಿಯಾಗುವವರೆಗೂ ನಾನು ಅವಳ ಕೈ ಬಿಡಲಿಲ್ಲ.